ಶ್ರೀರಂಗಪಟ್ಟಣದಲ್ಲಿ ಹಂಚಿದ ‘ಪ್ರೈಜ್ ಮನಿ’ ಯಾರದು?

ಪ್ರಶ್ನೆ: ನಮ್ಮೂರ ಕಬಡ್ಡಿ ಟೂರ್ನಮೆಂಟಿನ ಪಾಂಪ್ಲೆಟ್‌ನಲ್ಲಿ ದೊಡ್ಡದಾಗಿ ‘ಪ್ರೈಜ್ ಮನಿ’ ಅಂತ ಹಾಕಿಸ್ತಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷ್ ಸೈನ್ಯಕ್ಕೂ ‘ಪ್ರೈಜ್ ಮನಿ’ ಸಿಕ್ಕಿತು ಅಂತ ಓದಿದೆ. ಯುದ್ಧದಲ್ಲಿ ಎಂಥ ಬಹುಮಾನ? ಕೊಟ್ಟವರು ಯಾರು?
– ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ಯಾರೂ ಮೆಚ್ಚಿ ಕೊಟ್ಟದ್ದಲ್ಲ. ಸೋತವರಿಂದ ಕಿತ್ತುಕೊಂಡ ಸೊತ್ತನ್ನೇ ಗೆದ್ದವರು ಲೆಕ್ಕ ಹಾಕಿ ಹಂಚಿಕೊಂಡರು. ಕಬಡ್ಡಿಯ ಹಣಕ್ಕೂ ಇದಕ್ಕೂ ಹೆಸರು ಮಾತ್ರ ಒಂದೇ.

ಈ ಪದ್ಧತಿ ಬಲಿತದ್ದು ಸಮುದ್ರದ ಮೇಲೆ. ಶತ್ರುವಿನ ಹಡಗು ಹಿಡಿದರೆ ಅದು ನ್ಯಾಯವಾಗಿ ಹಿಡಿದದ್ದೇ ಅಂತ ಕೋರ್ಟು ತೀರ್ಪು ಕೊಡಬೇಕಿತ್ತು. ಆಮೇಲೆ ಹಡಗು, ಸರಕು ಎಲ್ಲ ಹರಾಜು. ಆ ಹಣ ಹಿಡಿದವರಿಗೇ ಸೇರಬೇಕು ಅಂತ ಬ್ರಿಟಿಷ್ ಪಾರ್ಲಿಮೆಂಟ್ 1708ರಲ್ಲಿ ಕಾಯ್ದೆ ಮಾಡಿತು. ಪಾಲು ಮಾತ್ರ ಸಮವಲ್ಲ. ಎಂಟರಲ್ಲಿ ಮೂರು ಭಾಗ ಕ್ಯಾಪ್ಟನ್‌ಗೆ, ಅದರಲ್ಲಿ ಒಂದು ಅವನ ಮೇಲಿನ ಅಡ್ಮಿರಲ್‌ಗೆ. ಹಡಗಿನ ಸಾಮಾನ್ಯ ನಾವಿಕರೆಲ್ಲ ಸೇರಿ ಎರಡು ಭಾಗ. ಆದರೂ ಆಸೆ ದೊಡ್ಡದು. 1762ರಲ್ಲಿ ‘ಹರ್ಮಿಯೋನ್’ ಎಂಬ ಸ್ಪೇನ್ ಹಡಗು ಸಿಕ್ಕಾಗ ಒಬ್ಬೊಬ್ಬ ನಾವಿಕನಿಗೂ 480 ಪೌಂಡ್‌ಗಿಂತ ಜಾಸ್ತಿ ಬಂತು.

ನೆಲದ ಸೈನ್ಯಕ್ಕೂ ಇದೇ ರೂಢಿಯಾಯಿತು. ನಮ್ಮ ನಂದಿದುರ್ಗವನ್ನು 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಹಿಡಿಯಿತಲ್ಲ, ಆ ಯುದ್ಧದ ಪ್ರೈಜ್ ಮನಿಯಲ್ಲಿ ಅವನೂ ಜನರಲ್ ಮೆಡೋಸನೂ ತಮ್ಮ ಪಾಲು ಬಿಟ್ಟುಕೊಟ್ಟರು. ಆ ಕಾಲಕ್ಕೆ ಅದು ಅಪರೂಪ.

ಶ್ರೀರಂಗಪಟ್ಟಣದ ಕಥೆ ಕೇಳಿದರೆ ಈಗಲೂ ಹೊಟ್ಟೆ ಉರಿಯುತ್ತದೆ. 1799ರ ಮೇ 4ರಂದು ಕೋಟೆ ಬಿತ್ತು. ರಾತ್ರಿಯೆಲ್ಲ ಸೈನಿಕರು ಮನೆಮನೆ ನುಗ್ಗಿ ದೋಚಿದರು. ಅದನ್ನು ನಿಲ್ಲಿಸಲು ಆರ್ಥರ್ ವೆಲ್ಲೆಸ್ಲಿ ಕೆಲವು ಸೈನಿಕರನ್ನು ಗಲ್ಲಿಗೇರಿಸಿದ. ಒಬ್ಬೊಬ್ಬರೇ ದೋಚಿದರೆ ಅಪರಾಧ. ಅದೇ ಅರಮನೆಯ ಖಜಾನೆಯನ್ನು ಸೈನ್ಯದ ಪ್ರೈಜ್ ಏಜೆಂಟರು ಪಟ್ಟಿ ಮಾಡಿ ತೆಗೆದುಕೊಂಡರೆ ಕಾನೂನು! ಚಿನ್ನದ ತಗಡು ಹೊದಿಸಿದ ಟಿಪ್ಪುವಿನ ಸಿಂಹಾಸನವನ್ನೂ ಬಿಡಲಿಲ್ಲ. ಹಾಗೇ ಇಟ್ಟರೆ ಪಾಲು ಮಾಡೋದು ಹೇಗೆ? ಒಡೆದು ತುಂಡು ಮಾಡಿದರು. ಅದರ ಹುಲಿಯ ತಲೆ ಈಗ ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿದೆ.

ಇಲ್ಲಿಯೂ ಪಾಲು ಸಿಕ್ಕಿದ್ದು ಹುದ್ದೆ ನೋಡಿಯೇ. ಸೇನಾಪತಿ ಹ್ಯಾರಿಸ್‌ಗೆ 1,40,000 ಪೌಂಡ್‌ಗೂ ಜಾಸ್ತಿ. ಸಾಮಾನ್ಯ ಬಿಳಿ ಸೈನಿಕನಿಗೆ ಸುಮಾರು 7 ಪೌಂಡ್, ನಮ್ಮ ದೇಶದ ಸಿಪಾಯಿಗೆ ಸುಮಾರು 5. ಕೋಟೆ ಗೋಡೆಯ ಕೆಳಗೆ ಪ್ರಾಣ ಕೊಟ್ಟವರಲ್ಲಿ ಈ ಸಾಮಾನ್ಯ ಸೈನಿಕರೇ ಜಾಸ್ತಿ ಅಲ್ವಾ?

ನೌಕಾಪಡೆಗೆ ಹೀಗೆ ಹಂಚುವುದನ್ನು ಅಮೆರಿಕ 1899ರಲ್ಲಿ ಕೈಬಿಟ್ಟಿತು. ಬ್ರಿಟನ್ ಎರಡನೇ ಮಹಾಯುದ್ಧದ ಲೆಕ್ಕ ಚುಕ್ತಾ ಮಾಡಿ, 1948ರ ಕಾಯ್ದೆಯಿಂದ ನಿಲ್ಲಿಸಿತು.