ಗಡ್ಡೆಯ ರಕ್ತನಾಳಗಳನ್ನೇ ಕೆಡಹುವ ಔಷಧಿ

ಆಫ್ರಿಕದ ಮರದ ತೊಗಟೆಯಿಂದ ಬಂದ ಔಷಧಿಯೊಂದು ಕ್ಯಾನ್ಸರ್ ಗಡ್ಡೆಗೆ ರಕ್ತ ಸಿಗದಂತೆ ಮಾಡುತ್ತದೆಂದು ಓದಿದ್ದೀರಿ. ಅಂಡಾಶಯದ ಕ್ಯಾನ್ಸರ್ ಮರುಕಳಿಸಿರುವ ನಿಮ್ಮ ತಾಯಿಗೆ ಅದನ್ನೇಕೆ ಕೊಡುತ್ತಿಲ್ಲ ಎಂದು ಹಾವೇರಿಯಿಂದ ಕೇಳಿದ್ದೀರಿ. ಧಾರವಾಡದಲ್ಲಿ ಬಹುಕಾಲ ಔಷಧಶಾಸ್ತ್ರ ಕಲಿಸಿದವನಾಗಿ ಉತ್ತರಿಸುತ್ತೇನೆ.

ಅದರ ಹೆಸರು ಕಾಂಬ್ರೆಟಾಸ್ಟಾಟಿನ್ ಎ-4 ಫಾಸ್ಫೇಟ್. ಅದರ ಮೂಲವಸ್ತುವನ್ನು 1980ರ ದಶಕದಲ್ಲಿ ಅಮೆರಿಕದ ಅರಿಜೋನಾದಲ್ಲಿ ಜಾರ್ಜ್ ಪೆಟಿಟ್ ಅವರ ತಂಡ ದಕ್ಷಿಣ ಆಫ್ರಿಕದ ಕಾಂಬ್ರೀಟಮ್ ಮರದಿಂದ ಬೇರ್ಪಡಿಸಿತು. ನಮ್ಮ ಕಡೆಯ ಹಳೆಯ ಜಂತಿಮನೆಗಳಲ್ಲಿ ಮಾಳಿಗೆಯ ಭಾರವನ್ನು ದಪ್ಪ ಗೋಡೆಯೂ ಒಳಗಿನ ಕಂಬಗಳೂ ಸೇರಿ ಹೊರುತ್ತವೆ. ಆರೋಗ್ಯವಂತ ರಕ್ತನಾಳಕ್ಕೂ ಹಾಗೆಯೇ ಹೊರಗಿನಿಂದ ಆಧಾರಕೋಶಗಳ ಹೊದಿಕೆಯಿರುತ್ತದೆ. ಗಡ್ಡೆಯಲ್ಲಿ ಅವಸರದಿಂದ ಹುಟ್ಟಿದ ನಾಳಗಳಿಗೆ ಆ ಗೋಡೆ ಸರಿಯಾಗಿ ಇರುವುದಿಲ್ಲವಾದ್ದರಿಂದ, ಒಳಪದರದ ಚಪ್ಪಟೆ ಕೋಶಗಳು ತಮ್ಮೊಳಗಿನ ಟ್ಯೂಬುಲಿನ್ ಎಂಬ ಪ್ರೊಟೀನಿನ ಕಂಬಗಳನ್ನೇ ನಂಬಿ ಆಕಾರ ಉಳಿಸಿಕೊಂಡಿರುತ್ತವೆ. ಔಷಧಿ ಟ್ಯೂಬುಲಿನ್‌ಗೆ ಅಂಟಿಕೊಂಡು ಆ ಕಂಬಗಳನ್ನು ಕಳಚುತ್ತದೆ. ಕೋಶಗಳು ದುಂಡಗಾಗಿ ದಾರಿ ಮುಚ್ಚುತ್ತವೆ, ನಾಳ ಸೋರುತ್ತದೆ, ಕೆಲವೇ ಗಂಟೆಗಳಲ್ಲಿ ಗಡ್ಡೆಯ ನಡುಭಾಗ ಆಮ್ಲಜನಕವಿಲ್ಲದೆ ಸಾಯತೊಡಗುತ್ತದೆ.

ಮಳೆಗಾಲದಲ್ಲಿ ನಮ್ಮ ಬೇಲಿಗಳಲ್ಲಿ ಅರಳುವ ಅಗ್ನಿಶಿಖೆ ಬಳ್ಳಿಯಲ್ಲಿರುವ ಕಾಲ್ಚಿಸಿನ್ ಎಂಬ ವಿಷವಸ್ತು ಕೂಡ ಟ್ಯೂಬುಲಿನ್‌ನ ಅದೇ ಜಾಗಕ್ಕೆ ಅಂಟುತ್ತದೆ. ಆದರೆ ಗಡ್ಡೆಯ ನಾಳಗಳನ್ನು ಕೆಡಿಸಲು ಬೇಕಾಗುವ ಅದರ ಪ್ರಮಾಣ, ಜೀವ ತೆಗೆಯುವ ಪ್ರಮಾಣಕ್ಕೆ ತೀರ ಹತ್ತಿರ. ಯಾರು ಏನೇ ಹೇಳಿದರೂ ಅಗ್ನಿಶಿಖೆಯ ಗೆಡ್ಡೆಯನ್ನು ತಾಯಿಯವರಿಗೆ ಕೊಡಬೇಡಿ.

ತೊಡಕಿರುವುದು ಗಡ್ಡೆಯ ಅಂಚಿನಲ್ಲಿ. ಪಕ್ಕದ ಆರೋಗ್ಯವಂತ ಅಂಗಾಂಶದ ನಾಳಗಳಿಂದ ರಕ್ತ ಪಡೆಯುವ ಹೊರಪದರ ಸಾಯುವುದಿಲ್ಲ. ಎರೆಹೊಲದಲ್ಲಿ ಉಳಿದ ಕರಿಕೆಯ ಬೇರಿನಂತೆ ಅಲ್ಲಿಂದ ಮತ್ತೆ ಚಿಗುರುತ್ತದೆ. ಆದ್ದರಿಂದಲೇ ಇದನ್ನು, ಹೊಸ ನಾಳ ಹುಟ್ಟುವುದನ್ನು ತಡೆಯುವ ಬೆವಾಸಿಝುಮ್ಯಾಬ್ ಜೊತೆ ಕೊಟ್ಟು ನೋಡಿದರು. 2016ರಲ್ಲಿ ಪ್ರಕಟವಾದ, ನಿಮ್ಮ ತಾಯಿಯಂತೆಯೇ ರೋಗ ಮರುಕಳಿಸಿದ್ದ 107 ಮಹಿಳೆಯರ ಪ್ರಯೋಗದಲ್ಲಿ, ರೋಗ ಮುಂದುವರಿಯದೆ ಇದ್ದ ಮಧ್ಯಾಂಕ ಅವಧಿ (ಅರ್ಧದಷ್ಟು ಮಹಿಳೆಯರು ದಾಟಿದ ಅವಧಿ) ಬೆವಾಸಿಝುಮ್ಯಾಬ್ ಒಂದರಿಂದಲೇ 4.8 ತಿಂಗಳು, ಎರಡೂ ಸೇರಿದಾಗ 7.3 ತಿಂಗಳು ಆಗಿತ್ತು. ರಕ್ತದೊತ್ತಡ ಏರಿದವರೂ ಹೆಚ್ಚಾಗಿದ್ದರು. ನನಗೂ ಆಗ ಬಹಳ ಆಸೆ ಹುಟ್ಟಿತ್ತು. ಮುಂದಿನ ಪ್ರಯೋಗದಲ್ಲಿ ಅಂಥ ಲಾಭ ಕಾಣದೆ ಅದನ್ನು 2017ರಲ್ಲಿ ನಿಲ್ಲಿಸಿದರು.

ಹೀಗಾಗಿ ನಿಮ್ಮ ವೈದ್ಯರು ಇದನ್ನು ಕೊಡದಿರುವುದು ಅಲಕ್ಷ್ಯದಿಂದಲ್ಲ. ಈ ಎರಡರಲ್ಲಿ ಬೆವಾಸಿಝುಮ್ಯಾಬ್ ಮಾತ್ರ ನಮ್ಮ ದೇಶದಲ್ಲಿ ದೊರೆಯುತ್ತದೆ. ತಾಯಿಯವರ ರಕ್ತದೊತ್ತಡದ ಮತ್ತು ಕರುಳಿನ ತೊಂದರೆಗಳ ವಿವರ ಕೊಟ್ಟು, ಅದು ಅವರಿಗೆ ಹೊಂದುವುದೇ ಎಂದು ಮುಂದಿನ ಭೇಟಿಯಲ್ಲಿ ಕೇಳಿ.