ಹದಿನಾಲ್ಕು ಇಂಟರ್‌ವ್ಯೂ ಆಯ್ತು, ಈಗ ಕೋರ್ಸ್ ಸೇರಬೇಕೆ?

ಪ್ರಶ್ನೆ: ಊರು ಹಾಸನ. 2023ರಲ್ಲಿ ಬಿ.ಕಾಂ. ಮುಗಿಸಿದೆ, ಶೇ 64 ಬಂದಿದೆ. ಈಗ ಬೆಂಗಳೂರಿನಲ್ಲಿ ರೂಮ್ ಮಾಡಿಕೊಂಡು ಅಕೌಂಟ್ಸ್ ಕೆಲಸ ಹುಡುಕುತ್ತಿದ್ದೇನೆ. ಎಂಟು ತಿಂಗಳಲ್ಲಿ 14 ಇಂಟರ್‌ವ್ಯೂ ಕೊಟ್ಟೆ. ಎಲ್ಲ ಕಡೆಯೂ ‘ತಿಳಿಸ್ತೀವಿ’ ಅಂದರು, ಆಮೇಲೆ ಫೋನೇ ಇಲ್ಲ. ಸ್ಯಾಪ್ ಫೈಕೊ (ದೊಡ್ಡ ಕಂಪನಿಗಳ ಲೆಕ್ಕಪತ್ರದ ಸಾಫ್ಟ್‌ವೇರ್) ಕಲಿತರೆ ಕೆಲಸ ಗ್ಯಾರಂಟಿ ಅಂತ ಒಂದು ಇನ್‌ಸ್ಟಿಟ್ಯೂಟಿನವರು ಹೇಳುತ್ತಿದ್ದಾರೆ. ಫೀಸು 60,000 ರೂಪಾಯಿ. ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದುಕೊಡಲು ಒಪ್ಪಿದ್ದಾರೆ. ಸೇರಲೆ?

ಉತ್ತರ: ಸದ್ಯಕ್ಕೆ ಬೇಡ. ಸೊಸೈಟಿಗೆ ಇನ್ನೂ ಅರ್ಜಿ ಹಾಕಿಲ್ಲ ಎಂದಾದರೆ ಆರು ವಾರ ತಡೆಯಲು ಅಪ್ಪನಿಗೆ ಹೇಳಿ.

ಎಂಟು ತಿಂಗಳಲ್ಲಿ 14 ಕಡೆಯಿಂದ ಕರೆ ಬಂದಿದೆ ಎಂದರೆ ನಿಮ್ಮ ಬಯೋಡೇಟಾ ತನ್ನ ಕೆಲಸ ಮಾಡಿದೆ. ಬಿ.ಕಾಂ. ಸಾಲದು, ಶೇ 64 ಸಾಲದು ಅನಿಸಿದ್ದರೆ ಅವರು ಕರೆಯುತ್ತಲೇ ಇರಲಿಲ್ಲ. ಇನ್ನೊಂದು ಸರ್ಟಿಫಿಕೇಟ್ ಕೊಡಿಸುವುದು ಹೆಚ್ಚೆಂದರೆ ಇನ್ನಷ್ಟು ಕರೆಗಳನ್ನು. ನೀವು ಸಿಕ್ಕಿಹಾಕಿಕೊಂಡಿರುವುದು ಕರೆದ ಮೇಲೆ, ಆ ಕೋಣೆಯೊಳಗೆ. ಅಲ್ಲಿ ಏನಾಗುತ್ತಿದೆ ಎನ್ನುವುದು ನಿಮ್ಮ ಪತ್ರದಲ್ಲಿಲ್ಲ. ಬಹುಶಃ ನೀವೂ ಬರೆದಿಟ್ಟುಕೊಂಡಿಲ್ಲ.

ಮೊದಲು ಅದನ್ನು ಮಾಡಿ. ಇಂಟರ್‌ವ್ಯೂ ಮುಗಿಸಿ ಬಸ್ ಹತ್ತಿದ ಅರ್ಧ ಗಂಟೆಯೊಳಗೆ, ಕೇಳಿದ ಪ್ರಶ್ನೆಗಳನ್ನೆಲ್ಲ ಮೊಬೈಲಿನಲ್ಲಿ ಬರೆದುಕೊಳ್ಳಿ. ಮರುದಿನಕ್ಕೆ ಬಿಟ್ಟರೆ ಅರ್ಧ ಮರೆತಿರುತ್ತೀರಿ, ಮುಜುಗರ ತಂದ ಪ್ರಶ್ನೆಯಂತೂ ಮೊದಲೇ ಮರೆತುಹೋಗುತ್ತದೆ. ರಾತ್ರಿ ಅವನ್ನು ಮೂರು ಕಾಲಂಗೆ ಹಾಕಿ: ಒಂದು, ‘ಗೊತ್ತಿತ್ತು, ಹೇಳಿದೆ’; ಎರಡು, ‘ಗೊತ್ತಿತ್ತು, ಹೇಳಲು ಬರಲಿಲ್ಲ’; ಮೂರು, ‘ಗೊತ್ತೇ ಇರಲಿಲ್ಲ’. ಹಳೆಯ 14ರಲ್ಲಿ ನೆನಪಿರುವಷ್ಟನ್ನೂ ಸೇರಿಸಿ. ತರಬೇತಿ ನೆರವಾಗುವುದು ಮೂರನೆಯ ಕಾಲಂಗೆ ಮಾತ್ರ. ಅದರಲ್ಲಿ ಒಂದೇ ವಿಷಯ ಮೂರು ಬೇರೆ ಬೇರೆ ಕಂಪನಿಗಳಲ್ಲಿ ಬಂದಿದ್ದರೆ ಅಷ್ಟನ್ನು ಕಲಿಯಿರಿ, ಇಡೀ ಕೋರ್ಸ್ ಬೇಕಿಲ್ಲ. ಎರಡನೆಯ ಕಾಲಂ ಉದ್ದವಾಗಿದ್ದರೆ ಬೇಕಾದದ್ದು ಬಾಯಿ ಬಿಟ್ಟು ಹೇಳುವ ಅಭ್ಯಾಸ. ಮೊದಲ ಕಾಲಮೇ ತುಂಬಿದ್ದೂ ಕೆಲಸ ಸಿಕ್ಕಿಲ್ಲವಾದರೆ ತೊಂದರೆ ಕೇಳಿದ ಸಂಬಳದಲ್ಲೋ, ಓಡಾಟದ ದೂರದಲ್ಲೋ, 2023ರಿಂದ ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆಗೆ ಕೊಟ್ಟ ಉತ್ತರದಲ್ಲೋ ಇದೆ. ಅದನ್ನು ಯಾವ ಇನ್‌ಸ್ಟಿಟ್ಯೂಟೂ ಸರಿಮಾಡದು.

ಈಗ ಮನೆಯಲ್ಲೇ ಒಂದು ಪರೀಕ್ಷೆ. ನೀವು ಬೆಂಗಳೂರಿನ ಒಂದು ಸಣ್ಣ ಕಾರ್ಖಾನೆಯ ಅಕೌಂಟೆಂಟ್ ಎಂದುಕೊಳ್ಳಿ. ಹೊಸೂರಿನಿಂದ ಒಂದು ಬಿಲ್ಲು ಬಂದಿದೆ: ಮಾಲಿನ ಬೆಲೆ 10,000, ಅದೇ ಬಿಲ್ಲಿನಲ್ಲಿ ಸಾಗಣೆ 500, ತೆರಿಗೆ ಶೇ 18. ಟ್ಯಾಲಿಪ್ರೈಮ್ ಎಂಬ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಎಂಟ್ರಿ ಹಾಕಬೇಕು. ಹೊಸೂರು ಅತ್ತಿಬೆಲೆಯ ಆಚೆ, ತಮಿಳುನಾಡಿನಲ್ಲಿದೆ, ಆದ್ದರಿಂದ ಐಜಿಎಸ್‌ಟಿ, ಅಂದರೆ ಬೇರೆ ರಾಜ್ಯದಿಂದ ಬಂದ ಮಾಲಿನ ತೆರಿಗೆ. ಸಾಗಣೆ ಬಿಲ್ಲಿನ ಭಾಗವೇ ಆಗಿರುವುದರಿಂದ ತೆರಿಗೆ 10,500ರ ಮೇಲೆ ಬೀಳುತ್ತದೆ: 1,890. ಒಟ್ಟು 12,390. ಇದೇ ಬಿಲ್ಲು ಬೆಂಗಳೂರಿನದೇ ಪೀಣ್ಯದಿಂದ ಬಂದಿದ್ದರೆ ಕೇಂದ್ರದ ಪಾಲು ಸಿಜಿಎಸ್‌ಟಿ 945, ರಾಜ್ಯದ ಪಾಲು ಎಸ್‌ಜಿಎಸ್‌ಟಿ 945. ವಾರದ ಮೇಲೆ 2,000 ರೂಪಾಯಿ ಮಾಲು ಹಾಳಾಗಿದೆ ಎಂದು ವಾಪಸ್ ಕಳಿಸಿದಿರಿ. ಯಾವ ನೋಟು? ನಿಮ್ಮ ಪುಸ್ತಕದಲ್ಲಿ ಡೆಬಿಟ್ ನೋಟ್ (ಸಪ್ಲೈಯರ್‌ಗೆ ಕೊಡಬೇಕಾದದ್ದನ್ನು ಕಡಿಮೆ ಮಾಡುವ ಚೀಟಿ), ಆ ಮಾಲಿನ ತೆರಿಗೆ 360 ಕೂಡ ತೆಗೆಯಬೇಕು. ಹೊಸಬರು ಎಡವುವುದು ಇಂಥಲ್ಲೇ: ಸಾಗಣೆಯನ್ನು ತೆರಿಗೆಯಿಂದ ಹೊರಗಿಡುತ್ತಾರೆ, ಇಲ್ಲವೆ ಸಪ್ಲೈಯರ್ ಮಾಡಬೇಕಾದ ಕ್ರೆಡಿಟ್ ನೋಟನ್ನು ತಾವೇ ಹಾಕುತ್ತಾರೆ.

ಮುಂದಿನದು ಸ್ವಲ್ಪ ಗಟ್ಟಿ. ನಿಮ್ಮ ಖರೀದಿ ಪುಸ್ತಕದಲ್ಲಿರುವ ತೆರಿಗೆ, ಜಿಎಸ್‌ಟಿ ಪೋರ್ಟಲ್‌ನ ಜಿಎಸ್‌ಟಿಆರ್-2ಬಿಯಲ್ಲಿ (ನಿಮಗೆ ಸಿಗುವ ತೆರಿಗೆ ಕ್ರೆಡಿಟ್ಟಿನ ಪಟ್ಟಿ) ತೋರುವ ತೆರಿಗೆಗಿಂತ ಹೆಚ್ಚಿದೆ. ಏಕೆ? ಮಾರಿದವರು ತಮ್ಮ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1 ಅನ್ನು ಮುಂದಿನ ತಿಂಗಳ 11ರೊಳಗೆ ಹಾಕಬೇಕು. 14ಕ್ಕೆ 2ಬಿ ತಯಾರಾಗುತ್ತದೆ. 16ಕ್ಕೆ ಹಾಕಿದವರ ಬಿಲ್ಲು ಮರುತಿಂಗಳ 2ಬಿಗೆ ಹೋಗುತ್ತದೆ, ಕ್ರೆಡಿಟ್ಟೂ ಆಗಲೇ. ಅದಲ್ಲದಿದ್ದರೆ ಜಿಎಸ್‌ಟಿ ನಂಬರಿನಲ್ಲಿ ಒಂದು ಅಕ್ಷರ ತಪ್ಪಿರುತ್ತದೆ. ಒಬ್ಬರು ‘024’ ಅಂತ, ಇನ್ನೊಬ್ಬರು ‘24’ ಅಂತ ಬಿಲ್ ನಂಬರ್ ಬರೆದಿರುವುದೂ ಉಂಟು. ಹಾಗಾದಾಗ ಎಕ್ಸೆಲ್‌ನಲ್ಲಿ ಎರಡು ಪಟ್ಟಿ ತಾಳೆ ನೋಡುವ ವಿ-ಲುಕಪ್ ಹಾಕಿದರೂ ಎರಡೂ ಹೊಂದುವುದಿಲ್ಲ. ಮೂರು ಕಾರಣ ಹೇಳಿ, ಎಕ್ಸೆಲ್‌ನಲ್ಲಿ ಹೇಗೆ ಹುಡುಕುತ್ತೀರಿ ಎಂದು ತೋರಿಸಿದರೆ ಸಣ್ಣ ಕಂಪನಿಯ ಇಂಟರ್‌ವ್ಯೂನಲ್ಲಿ ಅರ್ಧ ಗೆದ್ದಂತೆ. ಅವರ ದಿನನಿತ್ಯದ ತಲೆನೋವೇ ಅದು.

ಇವೆರಡನ್ನೂ ಇಪ್ಪತ್ತು ನಿಮಿಷದಲ್ಲಿ ಮಾಡಿದಿರಾದರೆ ನಿಮಗೆ ಬೇಕಿರುವುದು ಕೋರ್ಸ್ ಅಲ್ಲ. ಕೈಕಟ್ಟಿತು ಎಂದಾದರೆ ಕಲಿಯಬೇಕಾದದ್ದು ಟ್ಯಾಲಿ, ಜಿಎಸ್‌ಟಿ ಮತ್ತು ಎಕ್ಸೆಲ್. ಸ್ಯಾಪ್ ಅಲ್ಲ.

ಸ್ಯಾಪ್ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಅದರಲ್ಲಿ ಎರಡು ಬಗೆಯ ಕೆಲಸಗಳಿವೆ. ಒಂದು, ದೊಡ್ಡ ಕಂಪನಿಯಲ್ಲಿ ಕೂತು ಬಿಲ್ಲು ಎಂಟ್ರಿ ಮಾಡುವುದು. ಅದನ್ನು ಕೆಲಸಕ್ಕೆ ತೆಗೆದುಕೊಂಡವರೇ ತಮ್ಮ ಸಿಸ್ಟಂನಲ್ಲಿ ಕಲಿಸಿಕೊಳ್ಳುತ್ತಾರೆ. ಇನ್ನೊಂದು, ಕಂಪನಿಗೆ ಸ್ಯಾಪ್ ಅಳವಡಿಸಿಕೊಡುವ ಕನ್ಸಲ್ಟೆಂಟ್ ಕೆಲಸ. ತಿಂಗಳ ಲೆಕ್ಕ ಮುಚ್ಚುವುದು ಹೇಗೆಂದು ಕೈಯಾರೆ ಮಾಡಿದವರು ಅಲ್ಲಿಗೆ ಬೇಕು, ಕೆಲಸವನ್ನೇ ಕಾಣದವರು ಸಾಮಾನ್ಯವಾಗಿ ಬೇಡ. ಎರಡು-ಮೂರು ವರ್ಷ ಅಕೌಂಟ್ಸ್ ಮಾಡಿದ ಮೇಲೆ ಸೇರಿದರೆ ಇದೇ ಕೋರ್ಸಿಗೆ ಅರ್ಥವಿದೆ. ಆಗಲೂ ಕಲಿಸುವುದು ಸ್ಯಾಪ್‌ನ ಹೊಸ ಆವೃತ್ತಿ ಎಸ್/4ಹಾನಾವೋ ಹಳೆಯ ಇಸಿಸಿಯೋ ಕೇಳಿ. ಇಸಿಸಿಗೆ ಸ್ಯಾಪ್ ಕಂಪನಿ ಕೊಡುವ ಮಾಮೂಲಿ ಬೆಂಬಲ 2027ರ ಕೊನೆಗೆ ಮುಗಿಯುತ್ತದೆ. ಸಿಗುವ ಸರ್ಟಿಫಿಕೇಟ್ ಸ್ಯಾಪ್‌ನದೋ ಇನ್‌ಸ್ಟಿಟ್ಯೂಟಿನದೋ ಎಂದೂ ಕೇಳಿ. ಎರಡಕ್ಕೂ ಅಜಗಜಾಂತರ.

ಫೀಸಿನ ಲೆಕ್ಕವೂ 60,000ಕ್ಕೆ ನಿಲ್ಲುವುದಿಲ್ಲ. ಖಾಸಗಿ ಕೋಚಿಂಗ್‌ಗೆ ಶೇ 18 ಜಿಎಸ್‌ಟಿ ಇದೆ, ಹೊರಗಿನಿಂದ ಸೇರಿಸಿದರೆ 70,800. ಮೇಲೆ ಕೋರ್ಸ್ ನಡೆಯುವಷ್ಟು ತಿಂಗಳ ರೂಮ್ ಬಾಡಿಗೆ, ಮೆಸ್, ಸಾಲದ ಬಡ್ಡಿ.

ಗ್ಯಾರಂಟಿ ಎಂಬ ಮಾತನ್ನು ಬರವಣಿಗೆಯಲ್ಲಿ ಕೇಳಿ ನೋಡಿ, ಅದು ‘ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್’ ಆಗಿಬಿಡುತ್ತದೆ. ಕಳೆದ ಮೂರು ಬ್ಯಾಚಿನಲ್ಲಿ ಎಷ್ಟು ಜನ ಸೇರಿದ್ದರು, ಎಷ್ಟು ಜನ ಯಾವ ಕಂಪನಿಗೆ ಯಾವ ಹುದ್ದೆಗೆ ಹೋದರು ಎಂದು ಕೇಳಿ. ಅವರಲ್ಲಿ ಇಬ್ಬರ ಜೊತೆ ನೀವೇ ಮಾತಾಡಿ. ಮಾರ್ಕ್ಸ್ ಕಾರ್ಡಿನ ಒರಿಜಿನಲ್ ಇಟ್ಟುಕೊಳ್ಳುತ್ತೇವೆ ಎಂದರೆ ಎದ್ದು ಬನ್ನಿ. ‘ಎರಡು ವರ್ಷದ ಎಕ್ಸ್‌ಪೀರಿಯೆನ್ಸ್ ಲೆಟರ್ ನಾವೇ ಕೊಡುತ್ತೇವೆ’ ಎಂದರಂತೂ ಓಡಿ ಬನ್ನಿ. ನಿಮ್ಮ ಪಿಎಫ್ ಖಾತೆ ಸಂಖ್ಯೆ ಯುಎಎನ್‌ನಲ್ಲಿ ಎಲ್ಲಿ, ಯಾವಾಗಿನಿಂದ ಕೆಲಸ ಮಾಡಿದಿರಿ ಎನ್ನುವುದು ಕಾಣುತ್ತದೆ, ಹಿನ್ನೆಲೆ ಪರಿಶೀಲಿಸುವವರು ಮೊದಲು ನೋಡುವ ಜಾಗಗಳಲ್ಲಿ ಅದೂ ಒಂದು. ಸೇರಿ ಮೂರು ತಿಂಗಳಾದ ಮೇಲೆ ಸಿಕ್ಕಿಬಿದ್ದವರ ಗತಿ ಕೆಲಸ ಸಿಗದವರಿಗಿಂತ ಕೆಟ್ಟದು.

ಆರು ವಾರದಲ್ಲಿ ಏನು ಮಾಡಬೇಕು? ಟ್ಯಾಲಿಪ್ರೈಮ್ ಅನ್ನು ಎಜುಕೇಶನಲ್ ಮೋಡ್‌ನಲ್ಲಿ ದುಡ್ಡಿಲ್ಲದೆ ಹಾಕಿಕೊಳ್ಳಬಹುದು. ತಿಂಗಳ 1, 2ನೇ ತಾರೀಖಿನಂಥ ಬೆರಳೆಣಿಕೆಯ ದಿನಗಳಿಗಷ್ಟೇ ವೋಚರ್ (ಒಂದೊಂದು ವ್ಯವಹಾರದ ಎಂಟ್ರಿ) ಹಾಕಲು ಬಿಡುತ್ತದೆ, ಕಲಿಯುವವರಿಗೆ ಅದು ಅಡ್ಡಿಯಲ್ಲ. ಮೊದಲೆರಡು ವಾರ ದಿನಕ್ಕೆ 30 ವೋಚರ್: ಎಫ್4ರಿಂದ ಎಫ್9ರವರೆಗಿನ ಕೀಲಿಗಳ ಆರೂ ಬಗೆ, ಕೀಬೋರ್ಡ್ ನೋಡದೆ. ಮೂರನೆಯ ವಾರ ಬ್ಯಾಂಕ್ ರಿಕನ್ಸಿಲಿಯೇಶನ್, ಅಂದರೆ ಬ್ಯಾಂಕಿನ ಲೆಕ್ಕಕ್ಕೂ ಪುಸ್ತಕಕ್ಕೂ ತಾಳೆ, ನಿಮ್ಮದೇ ಪಾಸ್‌ಬುಕ್ ಇಟ್ಟುಕೊಂಡು. ಆಮೇಲೆ ಎಕ್ಸೆಲ್‌ನಲ್ಲಿ ಪಿವೋಟ್, ಸಮ್‌ಇಫ್ಸ್, ವಿ-ಲುಕಪ್, ಟ್ರಿಮ್, ಇಷ್ಟು ಸಾಕು. ಪಿಎಫ್ ಮತ್ತು ಇಎಸ್‌ಐ ಕಟ್ಟುವ ಗಡುವು ಮುಂದಿನ ತಿಂಗಳ 15, ಟಿಡಿಎಸ್ (ಮೂಲದಲ್ಲೇ ಹಿಡಿದ ತೆರಿಗೆ) 7, ತಿಂಗಳ ತೆರಿಗೆ ಕಟ್ಟುವ ರಿಟರ್ನ್ ಜಿಎಸ್‌ಟಿಆರ್-3ಬಿ 20 ಎನ್ನುವುದು ನಿದ್ದೆಗಣ್ಣಲ್ಲೂ ಬಾಯಿಗೆ ಬರಬೇಕು. ಒಬ್ಬರೇ ಕೂತು ಆಗದಿದ್ದರೆ ಹತ್ತಿರದ ಸಣ್ಣ ಟ್ಯಾಲಿ ಕ್ಲಾಸಿಗೆ ಸೇರಿ, ಆದರೆ ಮೊದಲು ಎರಡು ದಿನ ಡೆಮೊ ಕೂತು ನೋಡಿ. ಜಿಎಸ್‌ಟಿಯ ಶೇ 12 ಮತ್ತು 28ರ ಸ್ಲ್ಯಾಬ್‌ಗಳು 2025ರ ಸೆಪ್ಟೆಂಬರ್ 22ರಿಂದ ಬಹುತೇಕ ಹೋಗಿವೆ, ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಬೋರ್ಡಿನ ಮೇಲೆ ಇನ್ನೂ ಹಳೆಯದೇ ಇದ್ದರೆ ಆ ಮೇಷ್ಟ್ರು ಆಫೀಸಿನ ಕೆಲಸ ಬಿಟ್ಟು ಬಹಳ ದಿನವಾಗಿದೆ ಎಂದು ತಿಳಿಯಿರಿ.

ಇದರ ಜೊತೆಗೆ ಆಡಿಟರ್ ಆಫೀಸುಗಳ ಬಾಗಿಲು ತಟ್ಟಿ. ಸಂಬಳ ಕಡಿಮೆ, ಬೈಗುಳ ಹೆಚ್ಚು, ನಿಜ. ಆದರೆ ಹತ್ತಾರು ಅಂಗಡಿ, ಕಾರ್ಖಾನೆಗಳ ಲೆಕ್ಕ ಒಂದೇ ಟೇಬಲ್ಲಿಗೆ ಬರುತ್ತದೆ. ಸೆಪ್ಟೆಂಬರ್ ಕೊನೆಯ ಟ್ಯಾಕ್ಸ್ ಆಡಿಟ್ ಗಡುವಿಗೆ ಮುಂಚೆ, ಜುಲೈನಿಂದಲೇ ಅವರಿಗೆ ಕೈ ಸಾಲುವುದಿಲ್ಲ. ಆರು ತಿಂಗಳು ಅಲ್ಲಿದ್ದರೆ ‘ಇಷ್ಟು ದಿನ ಏನು ಮಾಡ್ತಿದ್ರಿ’ ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿತು.

ಪ್ರಶ್ನೆ: ಬೆಳಗಾವಿ. ಮೆಕ್ಯಾನಿಕಲ್ ಡಿಪ್ಲೊಮಾ ಆಗಿದೆ. ಉದ್ಯಮಬಾಗ್ ಕೈಗಾರಿಕಾ ಪ್ರದೇಶದಲ್ಲಿ ಕ್ವಾಲಿಟಿ ಮತ್ತು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷೀನು) ಕೆಲಸಕ್ಕೆ ಆರು ಕಡೆ ಹೋದೆ, ಆರೂ ಕಡೆ ಪ್ರಾಕ್ಟಿಕಲ್‌ನಲ್ಲಿ ಬಿಟ್ಟರು. ಗೆಳೆಯರು ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿ ಅಂತಾರೆ. ಲೈನ್ ಬದಲಿಸಲೆ?

ಉತ್ತರ: ನಿಮ್ಮದು ಮೇಲಿನ ಪತ್ರಕ್ಕೆ ತದ್ವಿರುದ್ಧ. ನಿಮಗೆ ತರಬೇತಿ ಬೇಕು, ಆದರೆ ನಿಮ್ಮ ಲೈನಿನಲ್ಲೇ. ಆರು ಸಲವೂ ಒಂದೇ ಕಡೆ ಬಿದ್ದಿದ್ದೀರಿ, ಅದೂ ಕೈಕೆಲಸದಲ್ಲಿ. ಕಾಲೇಜಿನಲ್ಲಿ ಮಷೀನು ಮುಟ್ಟಿದ್ದು ಕಡಿಮೆ ಎಂದೇ ಇದರ ಅರ್ಥ. ಟೆಸ್ಟಿಂಗ್‌ಗೆ ಹೋದರೆ ಮೂರು ವರ್ಷದ ಓದನ್ನು ಬದಿಗಿಟ್ಟು, ಬಿ.ಇ. ಮಾಡಿದವರ ಸಾಲಿನ ಹಿಂದೆ ನಿಂತಂತೆ.

ಪ್ರಾಕ್ಟಿಕಲ್ ಎಂದರೆ ಒಂದು ಜಾಬು, ಒಂದು ಡ್ರಾಯಿಂಗು, ಅಳೆಯಲು ವರ್ನಿಯರ್, ಮೈಕ್ರೊಮೀಟರ್ ಕೊಡುತ್ತಾರೆ. ತಪ್ಪು, ಅಳತೆ ಶುರುವಾಗುವ ಮೊದಲೇ ಆಗಿಬಿಡುತ್ತದೆ: ಝೀರೊ ಎರರ್ (ಏನೂ ಇಡದಾಗ ಸೊನ್ನೆ ತೋರುತ್ತದೆಯೇ ಎಂದು) ನೋಡುವುದೇ ಇಲ್ಲ. ಮೈಕ್ರೊಮೀಟರನ್ನು ರ‍್ಯಾಚೆಟ್ (ಒತ್ತಡ ಹದದಲ್ಲಿಡುವ ತುದಿಯ ತಿರುಪು) ಬಿಟ್ಟು ಥಿಂಬಲ್ (ತಿರುಗಿಸುವ ಕೊಳವೆ) ಹಿಡಿದು ಬಿಗಿ ಮಾಡುತ್ತಾರೆ, ಅಳತೆ 0.02-0.03 ಮಿ.ಮೀ.ನಷ್ಟು ಕಡಿಮೆ ತೋರಿಸುತ್ತದೆ. ನೋಡುವವರು ಅಲ್ಲೇ ಪೆನ್ ಕೆಳಗಿಡುತ್ತಾರೆ. ಡ್ರಾಯಿಂಗ್‌ನಲ್ಲಿ 25 ಎಚ್7 ಎಂದಿದ್ದರೆ ತೂತು 25.000ರಿಂದ 25.021 ಮಿ.ಮೀ. ಒಳಗಿರಬೇಕು. ಅದನ್ನು 0.02 ಮಿ.ಮೀ. ಲೀಸ್ಟ್ ಕೌಂಟ್‌ನ (ಅಳೆಯಬಲ್ಲ ಅತಿ ಸಣ್ಣ ಅಳತೆ) ವರ್ನಿಯರ್‌ನಿಂದ ಪಾಸ್ ಮಾಡಲಾಗದು, ಗೋ-ನೋಗೋ ಪ್ಲಗ್ ಗೇಜ್ ಅಥವಾ ಬೋರ್ ಗೇಜ್ ಬೇಕು. ‘ಯಾವುದರಿಂದ ಅಳೆಯುತ್ತೀರಿ’ ಎಂಬ ಪ್ರಶ್ನೆ ಬರುವುದೇ ಇದಕ್ಕೆ. ಸಿಎನ್‌ಸಿ ಟರ್ನಿಂಗ್‌ನಲ್ಲಿ ಹೊರವ್ಯಾಸ 0.04 ಜಾಸ್ತಿ ಬಂತು, ಏನು ಮಾಡುತ್ತೀರಿ? ಪ್ರೋಗ್ರಾಂ ಮುಟ್ಟಬಾರದು. ಆ ಟೂಲಿನ ಎಕ್ಸ್ ವೇರ್ ಆಫ್‌ಸೆಟ್‌ನಲ್ಲಿ (ಟೂಲಿನ ಸವೆತ ಸರಿದೂಗಿಸುವ ಅಂಕಿ) 0.04 ಕಳೆಯಬೇಕು.

ಸರ್ಕಾರದ ತರಬೇತಿ ಕೇಂದ್ರ ಜಿಟಿಟಿಸಿ 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದದ್ದು, ಬೆಳಗಾವಿಯಲ್ಲೂ ಅದರ ಕೇಂದ್ರವಿದೆ. ಅಲ್ಪಾವಧಿ ಸಿಎನ್‌ಸಿ ಕೋರ್ಸ್ ವಿಚಾರಿಸಿ. ಅಲ್ಲೇ ಆಗಲಿ, ಖಾಸಗಿಯಾಗಲಿ, ಒಂದು ಮಷೀನಿಗೆ ಎಷ್ಟು ಹುಡುಗರು ಎಂದು ಕೇಳದೆ ಸೇರಬೇಡಿ. 60 ದಿನ, ದಿನಕ್ಕೆ ಎರಡು ಗಂಟೆ ಎಂದರೆ 120 ಗಂಟೆ. ಅರ್ಧ ಥಿಯರಿ ಹೋಗಿ 60. ಒಂದು ಮಷೀನಿಗೆ 20 ಜನರಿದ್ದರೆ ನಿಮ್ಮ ಕೈಗೆ ಬರುವುದು ಮೂರು ಗಂಟೆ. ಆರು ಜನರಿದ್ದರೆ ಹತ್ತು. ಇನ್ನೊಂದು ದಾರಿ ಅಪ್ರೆಂಟಿಸ್‌ಶಿಪ್. 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು ಶೇ 2.5ರಷ್ಟಾದರೂ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕೆಂದು ಕಾನೂನೇ ಇದೆ. ಕಲಿಯಲು ದುಡ್ಡು ಕೊಡುವ ಬದಲು ಅವರೇ ಸ್ಟೈಪೆಂಡ್ ಕೊಡುತ್ತಾರೆ. ನಿಮ್ಮನ್ನು ಬಿಟ್ಟ ಆರು ಕಡೆಗಳಲ್ಲೇ ಮೊದಲು ಕೇಳಿ.

ಪ್ರಶ್ನೆ: ಶಿವಮೊಗ್ಗ. ವಯಸ್ಸು 39. ಮಕ್ಕಳಿಗಾಗಿ ಅಕೌಂಟ್ಸ್ ಕೆಲಸ ಬಿಟ್ಟು 9 ವರ್ಷವಾಯ್ತು. ನಾಲ್ಕು ಕಡೆ ಟೆಸ್ಟ್ ಪಾಸಾದೆ, ಮಾಲೀಕರ ಜೊತೆಗಿನ ಕೊನೆಯ ಮಾತುಕತೆಯಲ್ಲಿ ಹೋಯಿತು. ಡಿಪ್ಲೊಮಾ ಮಾಡಿದರೆ ಗ್ಯಾಪ್ ಮುಚ್ಚುತ್ತದೆಯೆ?

ಉತ್ತರ: ಮುಚ್ಚುವುದಿಲ್ಲ, ಒಂದು ವರ್ಷ ಉದ್ದವಾಗುತ್ತದೆ. ನಾಲ್ಕು ಟೆಸ್ಟ್ ಪಾಸಾದವರಿಗೆ ವಿಷಯ ಕಲಿಸಲು ಏನಿದೆ? ಗ್ಯಾಪ್ ಬಗ್ಗೆ ಎರಡೇ ವಾಕ್ಯ ಹೇಳಿ: ಮಕ್ಕಳು ಚಿಕ್ಕವರಿದ್ದರು, ಈಗ ದೊಡ್ಡವರಾಗಿದ್ದಾರೆ. ಅದರ ಮೇಲೆ ವಿವರಣೆ ಕೊಡುತ್ತಾ ಹೋದಷ್ಟೂ ಕೇಳುವವರಿಗೆ ಅನುಮಾನ ಬೆಳೆಯುತ್ತದೆ. ಸಂಬಳ ಕೇಳಿದಾಗ ಒಂಬತ್ತು ವರ್ಷದ ಹಿಂದಿನ ಸಂಬಳದಿಂದ ಶುರು ಮಾಡಬೇಡಿ, ನಿಮ್ಮೂರಲ್ಲಿ ಈಗ ಅದೇ ಕೆಲಸಕ್ಕೆ ಕೊಡುವುದನ್ನು ಇಬ್ಬರನ್ನು ವಿಚಾರಿಸಿಕೊಂಡು ಒಂದೇ ಅಂಕಿ ಹೇಳಿ. ‘ಮಕ್ಕಳನ್ನು ಯಾರು ನೋಡ್ಕೋತಾರೆ’ ಎಂದು ಈಗಲೂ ಕೇಳುವವರಿದ್ದಾರೆ. ಕೇಳಬಾರದ ಪ್ರಶ್ನೆ ಅದು. ಆದರೂ ಆ ಕ್ಷಣಕ್ಕೆ ಕೆಲಸ ಮಾಡುವ ಉತ್ತರ ಇದು: ‘ವ್ಯವಸ್ಥೆ ಆಗಿದೆ ಸಾರ್. ತಿಂಗಳ 11, 20ರ ರಿಟರ್ನ್ ಇದ್ದಾಗ ಏಳು ಗಂಟೆವರೆಗೂ ಇರ್ತೀನಿ, ಉಳಿದ ದಿನ ಆರಕ್ಕೆ ಹೊರಡಬೇಕು.’