ಬಿಲ್ ವಿದರ್ಸ್ 1985ರ ನಂತರ ಯಾಕೆ ಆಲ್ಬಮ್ ಮಾಡಲಿಲ್ಲ?

‘ಲೀನ್ ಆನ್ ಮಿ’ಯಂಥ ಹಾಡು ಕೊಟ್ಟ ಅಮೆರಿಕದ ಗಾಯಕ ಬಿಲ್ ವಿದರ್ಸ್ 47ನೇ ವಯಸ್ಸಿಗೇ ಅಂಗಡಿ ಮುಚ್ಚಿದ್ದು ಯಾಕೆ, ಸರಕು ಖಾಲಿ ಆಯ್ತಾ ಅಂತ ಕೇಳಿದ್ದೀರಿ. ನನಗೆ ಹಾಗನ್ನಿಸಲ್ಲ. ಹಾಡು ಬಿಟ್ಟರೂ ಬದುಕಬಹುದು ಅನ್ನೋದು ಅವರಿಗೆ ಮೊದಲಿಂದಲೂ ಗೊತ್ತಿತ್ತು. ಅದಕ್ಕೇ ಬಿಟ್ಟರು.

ಅವರು ಶುರು ಮಾಡಿದ್ದೇ ತಡವಾಗಿ. ಅವರ ಕಾಲದ ಇನ್ನೊಬ್ಬ ಗಾಯಕ ಸ್ಟೀವಿ ವಂಡರ್ 13ನೇ ವಯಸ್ಸಿಗೇ ನಂಬರ್ ಒನ್ ಹಾಡು ಹಾಡಿದ್ದರೆ, ವಿದರ್ಸ್ ಅವರ ಮೊದಲ ಆಲ್ಬಮ್ ಬಂದಾಗ ಅವರಿಗೆ 32. ಹುಟ್ಟಿದ್ದು ವೆಸ್ಟ್ ವರ್ಜೀನಿಯಾದ ಸ್ಲ್ಯಾಬ್ ಫೋರ್ಕ್ ಅನ್ನೋ ಕಲ್ಲಿದ್ದಲು ಗಣಿ ಊರಲ್ಲಿ. ಮಾತಾಡುವಾಗ ಉಗ್ಗುತ್ತಿದ್ದರು, ಅದು ದೊಡ್ಡವರಾದ ಮೇಲೂ ಬಹಳ ಕಾಲ ಇತ್ತು. ನೌಕಾಪಡೆಯಲ್ಲಿ 9 ವರ್ಷ ದುಡಿದು, ಆಮೇಲೆ ಲಾಸ್ ಏಂಜಲೀಸ್‌ಗೆ ಬಂದು, ಬೋಯಿಂಗ್ 747 ವಿಮಾನಗಳ ಟಾಯ್ಲೆಟ್ ತಯಾರಿಸುವ ಕಾರ್ಖಾನೆ ಸೇರಿದರು. 1971ರ ‘ಜಸ್ಟ್ ಆ್ಯಸ್ ಐ ಆ್ಯಮ್’ ಆಲ್ಬಮ್‌ನ ಮುಖಪುಟ ನೋಡಿ, ಕೈಯಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದಾರಲ್ಲ, ಅದು ವೇಷ ಅಲ್ಲ. ಊಟದ ಬಿಡುವಿನಲ್ಲಿ ಕೆಲಸದ ಜಾಗದಲ್ಲೇ ತೆಗೆದ ಫೋಟೋ. ಸಂಗೀತದ ವ್ಯಾಪಾರ ಯಾವತ್ತು ಕೈಕೊಡುತ್ತೋ ಹೇಳೋಕಾಗಲ್ಲ ಅಂತ ಅವರು ಆ ನೌಕರಿಯನ್ನು ತಕ್ಷಣ ಬಿಡಲೂ ಇಲ್ಲ.

ಆ ಆಲ್ಬಮ್ ಮಾಡಿಸಿದ್ದು ಸಂಗೀತಗಾರ ಬುಕರ್ ಟಿ. ಜೋನ್ಸ್. ಅದರಲ್ಲಿರುವ ‘ಏಂಟ್ ನೋ ಸನ್‌ಶೈನ್’ ಎರಡು ನಿಮಿಷ ಚಿಲ್ಲರೆ ಹಾಡು, ಮಧ್ಯೆ ‘ಐ ನೋ, ಐ ನೋ’ ಅಂತ 26 ಸಲ ಬರುತ್ತೆ. ಅಲ್ಲಿ ಬೇರೆ ಸಾಲು ಬರೆದು ತುಂಬಿಸೋಣ ಅಂತ ವಿದರ್ಸ್ ಲೆಕ್ಕ. ಸ್ಟುಡಿಯೋದಲ್ಲಿದ್ದ ಅನುಭವಿಗಳು ಬೇಡ, ಹೀಗೇ ಇರಲಿ ಅಂದರು, ಇವರೂ ಸರಿ ಅಂತ ಬಿಟ್ಟರು. ಅದಕ್ಕೆ ಗ್ರ್ಯಾಮಿ ಬಂತು!

ಮರುವರ್ಷ ‘ಲೀನ್ ಆನ್ ಮಿ’. ಪಿಯಾನೋ ಇದ್ದರೆ ಕೂತು ನುಡಿಸಿ ನೋಡಿ, ಬೆರಳುಗಳು ಬಿಳಿ ಕೀಗಳ ಮೇಲೆ ಒಂದೊಂದೇ ಹೆಜ್ಜೆ ಮೇಲೆ ಹೋಗಿ ಹಾಗೇ ಕೆಳಗೆ ಬರುತ್ತವೆ, ಪಿಯಾನೋ ಈಗಷ್ಟೇ ಕೊಂಡವರು ಕಂಡುಹಿಡಿಯುವಂಥ ರಾಗ, ಅವರಿಗೆ ಅದು ಸಿಕ್ಕಿದ್ದೂ ಹಾಗೇನೇ. ಮಾತುಗಳು ಮಾತ್ರ ಗಣಿ ಊರಿನವು, ಕಷ್ಟ ಅಂದರೆ ಪಕ್ಕದ ಮನೆಯವರು ಓಡಿಬರುವ ಊರಿನವು. 1972ರಲ್ಲಿ ಅಮೆರಿಕದಲ್ಲಿ ನಂಬರ್ ಒನ್ ಆಯ್ತು.

ಕೆಟ್ಟಿದ್ದು ಆಮೇಲೆ. ಅವರ ಚಿಕ್ಕ ರೆಕಾರ್ಡ್ ಕಂಪನಿ ಸಸೆಕ್ಸ್ 1975ರಲ್ಲಿ ಮುಚ್ಚಿಹೋಯ್ತು, ಇವರು ದೊಡ್ಡ ಕಂಪನಿ ಕೊಲಂಬಿಯಾಗೆ ಹೋದರು. ‘ಲವ್ಲಿ ಡೇ’ ಅಲ್ಲೇ ಬಂದಿದ್ದು, ಕೊನೆಯಲ್ಲಿ ಒಂದೇ ಸ್ವರವನ್ನು 18 ಸೆಕೆಂಡ್ ಹಿಡಿಯುತ್ತಾರಲ್ಲ, ಅದು. ಆದರೆ ಅಲ್ಲಿನ ಅಧಿಕಾರಿಗಳಿಗೂ ಇವರಿಗೂ ಹೊಂದಲಿಲ್ಲ. ಬಿಳಿಯ ಗಾಯಕ ಎಲ್ವಿಸ್ ಪ್ರೀಸ್ಲಿ ಹಾಡಿದ್ದ ‘ಇನ್ ದಿ ಘೆಟ್ಟೊ’ವನ್ನು ನೀವೂ ಹಾಡಿ ಅಂತ ಸಲಹೆ ಕೊಟ್ಟರಂತೆ. ತನ್ನ ಹಾಡು ತಾನೇ ಬರೆಯೋ ಕರಿಯ ಗಾಯಕನಿಗೆ ಇಂಥ ಸಲಹೆ! ವಿದರ್ಸ್ ಇದನ್ನು ಕೊನೆವರೆಗೂ ಮರೆಯಲಿಲ್ಲ. 1978ರಿಂದ 1985ರವರೆಗೆ ಅವರ ಹೆಸರಲ್ಲಿ ಒಂದೂ ಆಲ್ಬಮ್ ಇಲ್ಲ. ಈ ಖಾಲಿ ಕಾಲದಲ್ಲೇ, ಇನ್ನೊಂದು ಕಂಪನಿಯ ಸ್ಯಾಕ್ಸೊಫೋನ್ ವಾದಕ ಗ್ರೋವರ್ ವಾಷಿಂಗ್ಟನ್ ಜೂನಿಯರ್ ಅವರ 1980ರ ಆಲ್ಬಮ್‌ನಲ್ಲಿ ‘ಜಸ್ಟ್ ದಿ ಟೂ ಆಫ್ ಅಸ್’ ಹಾಡಿದರು, 1981ರಲ್ಲಿ ಅದು ಅಮೆರಿಕದಲ್ಲಿ ಎರಡನೇ ಸ್ಥಾನಕ್ಕೆ ಹೋಯ್ತು. ಇದು ಸರಕು ಖಾಲಿಯಾದವರ ಲಕ್ಷಣನಾ?

1985ರಲ್ಲಿ ಕೊನೆಯ ಆಲ್ಬಮ್ ಕೊಟ್ಟು ಮನೆಗೆ ಹೋದರು. ಹಾಡುಗಳ ಹಕ್ಕಿನ ವ್ಯವಹಾರ ಹೆಂಡತಿ ಮಾರ್ಷಾ ನೋಡಿಕೊಂಡರು. ಬೇರೆಯವರು ಇವರ ಹಾಡು ಹಾಡಿದಾಗಲೆಲ್ಲ ಬರೆದವರಿಗೆ ದುಡ್ಡು ಬರುತ್ತೆ, ಅಲ್ವಾ? 1987ರಲ್ಲಿ ಕ್ಲಬ್ ನೂವೋ ತಂಡ ‘ಲೀನ್ ಆನ್ ಮಿ’ಯನ್ನು ಮತ್ತೆ ನಂಬರ್ ಒನ್ ಮಾಡಿತು, ಬರೆದವರು ಅಂತ ಗ್ರ್ಯಾಮಿ ಬಂದಿದ್ದು ವಿದರ್ಸ್‌ಗೆ. ಸುಮ್ನೆ ಮನೆಯಲ್ಲಿ ಕೂತಿದ್ದವರಿಗೆ! 2015ರಲ್ಲಿ ಸ್ಟೀವಿ ವಂಡರ್ ಅವರೇ ಇವರನ್ನು ಸಂಗೀತ ಸಾಧಕರ ಗೌರವ ಪಟ್ಟಿಯಾದ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು. ಆಗಲೂ ವಾಪಸ್ ಬರೋ ಆಸೆ ತೋರಿಸಲಿಲ್ಲ. 2020ರ ಮಾರ್ಚ್‌ನಲ್ಲಿ ತೀರಿಕೊಂಡರು.

ನೀವು ಹಿಟ್ ಹಾಡುಗಳಷ್ಟೇ ಕೇಳಿದ್ದರೆ, 1973ರಲ್ಲಿ ಬಂದ ಕಾರ್ನೆಗಿ ಹಾಲ್ ಕಛೇರಿಯ ಆಲ್ಬಮ್ ಕೇಳಿ. ‘ಗ್ರ್ಯಾಂಡ್‌ಮಾಸ್ ಹ್ಯಾಂಡ್ಸ್’ಗೆ ಮೊದಲು ಅಜ್ಜಿಯ ಬಗ್ಗೆ ಆಡುವ ಮಾತನ್ನು ಮಾತ್ರ ಓಡಿಸಿಬಿಡಬೇಡಿ.